ಒಂದು ಪದ ಹೊಡೆದು ಹಾಕಿದ್ದಕ್ಕೆ

ಮೊದಲಿಗೇ ದಾಖಲಿಸಿಬಿಡುತ್ತೇನೆ: ಈ ಘಟನೆಯಲ್ಲಿ ಯಾವುದೇ ಪ್ರಾಣಹಾನಿ ಸಂಭವಿಸಿಲ್ಲ. ಮಾನಹಾನಿಯ ಅಂದಾಜು ಇನ್ನೂ ನಡೆಯುತ್ತಿದೆ.

ಮೂವತ್ತು ವರ್ಷ ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕುಳಿತು ಊರೂರಿನ ವರದಿಗಳನ್ನು ತಿದ್ದಿದವನು ನಾನು. ನಿವೃತ್ತನಾಗಿ ಹೊನ್ನಾವರಕ್ಕೆ ಬಂದು ಎರಡು ವರ್ಷವಾಯಿತು. ಡೆಸ್ಕು ಬಿಟ್ಟಿದೆ, ಚಟ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಬಂದರೆ ಮೊದಲು ಕೆಂಪು ಪೆನ್ನು ಹುಡುಕುತ್ತೇನೆ, ಆಮೇಲೆ ಮುಹೂರ್ತ ನೋಡುತ್ತೇನೆ. ಡೆಸ್ಕಿನಲ್ಲಿ ನನಗೆ ಕಲಿಸಿದ ಮೊದಲ ಪಾಠ ಇಷ್ಟೇ: ಒಂದು ಸಾಲಿನಲ್ಲಿ ಒಂದೇ ಪದ ಎರಡು ಸಲ ಬಂದರೆ, ಒಂದನ್ನು ಹೊಡೆ. ಈ ಪಾಠ ನನ್ನನ್ನು ಮೂವತ್ತು ವರ್ಷ ಕಾಪಾಡಿತು. ಮೂವತ್ತೆರಡನೆಯ ವರ್ಷ ಮುಳುಗಿಸಿತು!

ವಿಷಯ ಲಲಿತಾ ಅಕ್ಕೋರದ್ದು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ‘ಅಕ್ಕೋರು’ ಎನ್ನುತ್ತೇವೆ. ಮಂಕಿಯ ಕಡೆಯ ನಮ್ಮ ಕನ್ನಡ ಶಾಲೆಯಲ್ಲಿ ಮೂರು ತಲೆಮಾರಿಗೆ ಅಕ್ಷರ ಕಲಿಸಿದವರು ಅವರು. ನನಗೂ ಅವರೇ ಕಲಿಸಿದ್ದು. ಎಂಬತ್ತು ತುಂಬಿದ ಅವರಿಗೆ ಶಾಲೆಯಲ್ಲಿ ಒಂದು ಸನ್ಮಾನ, ಹಳೆಯ ವಿದ್ಯಾರ್ಥಿಗಳ ಬರಹಗಳ ಒಂದು ಪುಸ್ತಕ ಎಂದು ತೀರ್ಮಾನವಾಯಿತು. ಪುಸ್ತಕದ ಹೊಣೆ ಯಾರಿಗೆ? ಎಲ್ಲರೂ ನನ್ನತ್ತ ನೋಡಿದರು. ನಾನು ಬೇಡ ಎನ್ನುವಂತೆ ಮುಖ ಮಾಡಿ, ಅವರು ಮನಸ್ಸು ಬದಲಿಸುವುದರೊಳಗೆ ಒಪ್ಪಿಕೊಂಡೆ.

ನಲವತ್ತೆರಡು ಮಂದಿ ಬರೆದು ಕಳಿಸಿದರು. ನಾನು ಮೂರು ತಿಂಗಳು ಕೂತು ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದೆ. ಹೆಂಡತಿ ಸುಮಿತ್ರಾ ಅಂಚೆ ಕಚೇರಿಯ ಕೆಲಸ ಮುಗಿಸಿ ಬಂದು ಸಂಜೆ ಹೊತ್ತು ಪರದೆಯ ಮೇಲೇ ಕರಡು ತಿದ್ದಿದಳು.

ಅವುಗಳಲ್ಲಿ ಒಂದು ಮಂಜುನಾಥ ಹರಿಕಂತ್ರನದು. ಮೀನುಗಾರ. ಬರೆಯಲು ಕೂರುವ ಪುರಸೊತ್ತಿಲ್ಲದವನು. ಕಾಸರಕೋಡಿನ ಬಂದರಿನಲ್ಲಿ ಬಲೆ ನೇಯುತ್ತಲೇ ಅವನು ಹೇಳುತ್ತ ಹೋದ, ನಾನು ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಟೈಪು ಮಾಡುತ್ತ ಹೋದೆ:

“ನಾ ಮೂರನೇ ಇಯತ್ತೆಲಿ ಇದ್ದಾಗ ಬೆಳಿಗ್ಗೆ ಬಲೆ ಎಳೂಕೆ ಹೋಗ್ತಿದ್ದೆ, ಶಾಲಿಗೆ ಹೋಗ್ತಿರ್ಲಿಲ್ಲ. ಒಂದಿನ ಅಕ್ಕೋರು ಹಾಜರಿ ಪುಸ್ತಕ ತಕಂಡು ದಂಡೆಗೇ ಬಂದ್ರು. ನನ್ನ ಹೆಸರು ಕೂಗಿದ್ರು. ನಾ ಹಗ್ಗ ಹಿಡಕಂಡೇ ‘ಹಾಜರ್’ ಅಂದೆ. ಬಲೆ ಎಳೂರೆಲ್ಲ ನಗಾಡಿದ್ರು. ಅಕ್ಕೋರು ನಗಾಡಲಿಲ್ಲ. ಮೂರು ದಿನ ಹಂಗೇ ಬಂದ್ರು. ನಾಲ್ಕನೇ ದಿನ ನಾನೇ ಶಾಲಿಗೆ ಹೋದೆ.”

ಇದರಲ್ಲಿ ಒಂದಕ್ಷರವನ್ನೂ ನಾನು ತಿದ್ದಲಿಲ್ಲ. ಇಡೀ ಪುಸ್ತಕದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಮಾರನೆಯ ದಿನ ಮಂಜುನಾಥ ಮಲ್ಪೆಯ ಬೋಟು ಹತ್ತಿ ಆಳಸಮುದ್ರಕ್ಕೆ ಹೋದ. ಸನ್ಮಾನದ ದಿನಕ್ಕೆ ಬರುವುದಿಲ್ಲ, ನಡುನೀರಿನಲ್ಲಿ ಫೋನೂ ಹತ್ತುವುದಿಲ್ಲ. “ನಾ ಇಲ್ದಿದ್ರೆ ಅಡ್ಡಿಲ್ಲ ಸರ್, ಅಕ್ಕೋರು ಅದೊಂದು ಓದ್ಲಿ” ಎಂದು ಹೇಳಿ ಹೋಗಿದ್ದ. ಉಳಿದವರ ಕೈಬರಹದ ಹಾಳೆಗಳು ಚೀಲದಲ್ಲಿದ್ದವು. ಅವನ ಮಾತು ಮಾತ್ರ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ನಕಲು ಪ್ರತಿ? ಮೂವತ್ತು ವರ್ಷ ಕಿರಿಯರಿಗೆ ನಕಲು ಪ್ರತಿಯ ಮಹತ್ವ ಬೋಧಿಸಿದವನು ನಾನು. ಬೋಧಿಸಿ ಸುಸ್ತಾಗಿದ್ದೆ.

ಭಾನುವಾರ ಸಮಾರಂಭ. ಶುಕ್ರವಾರ ಬೆಳಿಗ್ಗೆಯೊಳಗೆ ಬರಹಗಳು ಕುಮಟಾದ ಮುದ್ರಣಾಲಯ ತಲುಪಬೇಕು. ಗುರುವಾರ ಬೆಳಿಗ್ಗೆ ಒಂದೇ ಒಂದು ಸಣ್ಣ ಕೆಲಸ ಬಾಕಿ ಇತ್ತು. ನಾನು ಟೈಪು ಮಾಡಿದ್ದು ಹಳೆಯ ಕಾಲದ ಅಕ್ಷರ ವಿನ್ಯಾಸದಲ್ಲಿ. ಮುದ್ರಣಾಲಯದ ನಾಯ್ಕರಿಗೆ ಬೇಕಾದದ್ದು ಈಗ ಎಲ್ಲೆಡೆ ನಡೆಯುವ ಯೂನಿಕೋಡ್ ಅಕ್ಷರ. ಈ ಬದಲಾವಣೆ ಮಾಡುವ ಒಂದು ಪ್ರೋಗ್ರಾಮನ್ನು ಹುಬ್ಬಳ್ಳಿಯ ಗೆಳೆಯನೊಬ್ಬ ಕಳಿಸಿದ್ದ. ನನ್ನ ಮುದಿ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನೂ ಅವನೇ. ಪ್ರೋಗ್ರಾಮಿನ ಹೆಸರು badalisu. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಆ ಹೆಸರು ಬರೆದು ಎಂಟರ್ ಒತ್ತಿದರೆ ಸಾಕು ಎಂದಿದ್ದ. ಬರೆದೆ. ಒತ್ತಿದೆ.

badalisu: command not found

ಅಂದರೆ, ಅಂಥ ಆದೇಶ ಸಿಗಲಿಲ್ಲ. ಗಾಬರಿಯಾಗುವ ಜಾತಿ ನಾನಲ್ಲ. ಅಂತರ್ಜಾಲದಲ್ಲಿ ಹುಡುಕಿದೆ. ಹೊಸ ಪ್ರೋಗ್ರಾಮು ಎಲ್ಲಿದೆ ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ, ಇಂಥ ಕಡತದ ಕೊನೆಯಲ್ಲಿ ಈ ಒಂದು ಸಾಲು ಸೇರಿಸಿ ಎಂದು ಯಾರೋ ಪುಣ್ಯಾತ್ಮರು ಬರೆದಿದ್ದರು:

export PATH="$PATH:$HOME/bin"

ಸಾಲನ್ನು ಒಮ್ಮೆ ಓದಿದೆ. ಇನ್ನೊಮ್ಮೆ ಓದಿದೆ. ಹುಬ್ಬು ಗಂಟಿಕ್ಕಿತು. PATH ಎಂಬ ಪದ ಒಂದೇ ಸಾಲಿನಲ್ಲಿ ಎರಡು ಸಲ! ಅದೂ ಪಕ್ಕಪಕ್ಕದಲ್ಲಿ! ಪಾಪ, ಅವಸರದಲ್ಲಿ ಬರೆದಿರಬೇಕು, ಡೆಸ್ಕಿನಲ್ಲಿ ನೋಡುವವರು ಯಾರೂ ಇರಲಿಲ್ಲವೇನೋ. ನನ್ನ ಬೆರಳು ತಾನಾಗಿಯೇ ಹೋಯಿತು. ಎರಡನೆಯದನ್ನು ಹೊಡೆದು ಹಾಕಿದೆ.

export PATH="$HOME/bin"

ಆಹಾ! ಬಿಗಿಯಾದ ಸಾಲು. ಕಡತ ಉಳಿಸಿದೆ. ಸಾಲನ್ನು ಜಾರಿಗೆ ತರುವ ಆದೇಶವನ್ನೂ ಕೊಟ್ಟೆ. ಮತ್ತೆ badalisu ಎಂದು ಬರೆದೆ. ಈ ಸಲ ಅದು ಸಿಕ್ಕಿತು. ಆದರೆ ತನಗೆ ಬೇಕಾದ ಸಹಾಯಕರು ಯಾರೂ ಸಿಗುತ್ತಿಲ್ಲ ಎಂದು ದೂರು ಹೇಳಿ ಕೂತುಬಿಟ್ಟಿತು. ಇರಲಿ ಎಂದು, ನನ್ನ ಕಡತಗಳ ಪಟ್ಟಿಯನ್ನಾದರೂ ನೋಡೋಣವೆಂದು ls ಎಂದು ಬರೆದೆ. ಲಿನಕ್ಸ್ ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವ ಆದೇಶ ಅದು. ಪರದೆಯ ಮೇಲೆ ನಾಲ್ಕಾರು ಸಾಲು ಇಂಗ್ಲಿಷು ಉದುರಿತು. ಕೊನೆಯ ಸಾಲು ನೋಡಿದೆ.

ls: command not found

ಕಡತ ತೆರೆದು ತಿದ್ದುವ ಆದೇಶ ಕೊಟ್ಟೆ. ಸಿಗಲಿಲ್ಲ. ಪರದೆ ಒರೆಸುವ ಆದೇಶ ಕೊಟ್ಟೆ. ಅದೂ ಸಿಗಲಿಲ್ಲ. ಇವತ್ತು ಯಾವ ತಾರೀಕು ಎಂದು ಕೇಳಿದೆ. ಅದಕ್ಕೂ ಅದೇ ಉತ್ತರ. ಒಂದು ಪದ ಹೊಡೆದದ್ದಕ್ಕೆ ಇಡೀ ಕಚೇರಿ ಸಾಮೂಹಿಕ ರಜೆ ಹಾಕಿತ್ತು!

ಇಂಥ ಸಂದರ್ಭದಲ್ಲಿ ವಿವೇಕಿಯಾದವನು ಏನು ಮಾಡುತ್ತಾನೆ? ಗೊತ್ತಿಲ್ಲ. ನಾನು ಮಾತ್ರ ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಪರದೆ ಒಮ್ಮೆ ಕಪ್ಪಾಯಿತು. ಮತ್ತೆ ಪಾಸ್‌ವರ್ಡ್ ಕೇಳಿತು. ಮತ್ತೆ ಕೊಟ್ಟೆ. ಮತ್ತೆ ಕಪ್ಪು, ಮತ್ತೆ ಅದೇ ಪ್ರಶ್ನೆ. ತಪ್ಪು ಎಂದೂ ಹೇಳುವುದಿಲ್ಲ, ಒಳಗೂ ಬಿಡುವುದಿಲ್ಲ. ‘ಬನ್ನಿ ಬನ್ನಿ’ ಎಂದು ಜಗಲಿ ಹತ್ತಿಸಿ ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಕಳಿಸುವ ಆತಿಥ್ಯ. ಹನ್ನೊಂದು ಸಲ ಹಿತ್ತಲು ನೋಡಿ ಬಂದೆ. ಹುಬ್ಬಳ್ಳಿಯ ಗೆಳೆಯನಿಗೆ ಫೋನು ಮಾಡಿದರೆ ಅದು ಸ್ವಿಚ್ ಆಫ್.

ಅಷ್ಟು ಹೊತ್ತಿಗೆ ನಾಯ್ಕರ ಫೋನು.

“ಎಂತ ಸರ್, ಮ್ಯಾಟರ್ ಇವತ್ತೇ ಕಳಿಸ್ತೆ ಅಂದಿದ್ರಿ?”

“ಅಂತಿಮ ಪರಿಶೀಲನೆಯ ಹಂತದಲ್ಲಿದೆ” ಎಂದೆ. ಮೂವತ್ತು ವರ್ಷ ಅಧಿಕಾರಿಗಳ ಬಾಯಿಂದ ಕೇಳಿ ಕೇಳಿ ನಕ್ಕ ವಾಕ್ಯ. ಅಂದು ನನ್ನ ಬಾಯಿಂದಲೇ, ಒಂದಿಷ್ಟೂ ತಡವರಿಸದೆ ಬಂತು.

“ಆತು. ನಾಳೆ ಬೆಳಿಗ್ಗೆ ದಾಟಿದ್ರೆ ಭಾನುವಾರಕ್ಕೆ ಪುಸ್ತಕ ಇಲ್ಲ, ಈಗ್ಲೇ ಹೇಳ್ತೆ” ಎಂದು ಅವರು ಇಟ್ಟರು.

ಲ್ಯಾಪ್‌ಟಾಪು ಚೀಲಕ್ಕೆ ಹಾಕಿ ಕುಮಟಾದ ಬಸ್ಸು ಹತ್ತಿದೆ. ಅಲ್ಲೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿಯವರು ಒಳ್ಳೆಯವರು, ಕೂರಿಸಿ, ನೀರು ಕೊಟ್ಟು, ಲ್ಯಾಪ್‌ಟಾಪನ್ನು ನಾಲ್ಕೂ ದಿಕ್ಕಿನಿಂದ ನೋಡಿದರು.

“ಲಿನಕ್ಸ್ ಅಲ್ದ? ಇದು ನಮ್ಮ ಲೈನಲ್ಲ ಸರ್. ಫಾರ್ಮ್ಯಾಟ್ ಹೊಡೆದು ಬೇರೆ ಹಾಕ್ಕೊಡ್ತೆ. ಒಂದು ತಾಸು ಸಾಕು.”

“ಆಮೇಲೆ ಸರಿಯಾಗುತ್ತದೆಯೋ?”

“ಹೊಸದರ ಹಂಗೆ ಆಗ್ತದೆ. ಒಳಗೆ ಬೇಕಾದ್ದು ಏನಾರೂ ಉಂಟಾ?”

“ಇದೆ. ಅದಕ್ಕೇ ಬಂದದ್ದು.”

“ಅದು ಹೋಗ್ತದೆ.”

ಮುಚ್ಚುಮರೆಯಿಲ್ಲದ ಉತ್ತರ. ನಾನು ಯೋಚಿಸಿದೆ. ನಲವತ್ತೊಂದು ಮಂದಿಯ ಹಾಳೆಗಳು ಚೀಲದಲ್ಲಿವೆ, ಊರಿನವರನ್ನೆಲ್ಲ ಕೂರಿಸಿ ಬೆಳಗಾಗುವುದರೊಳಗೆ ಟೈಪು ಮಾಡಿಸಬಹುದು. ಮಂಜುನಾಥನ ಮಾತನ್ನು ನೆನಪಿನಿಂದ ಬರೆಯಬಹುದು. ಬರೆಯಬಹುದೇ? ನಾನು ನೆನಪಿನಿಂದ ಬರೆದರೆ ಅದರಲ್ಲಿ ‘ಸದರಿ ವಿದ್ಯಾರ್ಥಿಯು’ ಎಂಬ ಪದ ಬಂದೇ ಬರುತ್ತದೆ. ನನ್ನ ಕೈಯ ಗುಣ ನನಗೆ ಗೊತ್ತು. ಆ ಕ್ಷಣ, ಮೊದಲ ಸಲ, ನಿಜವಾಗಿ ಹೆದರಿದೆ. ಸುಮಿತ್ರಾಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

“ಒಪ್ಪಿಗೆ ಕೊಟ್ರಾ?” ಎಂದು ಕೇಳಿದಳು.

“ಇನ್ನೂ ಇಲ್ಲ.”

“ಹಂಗಾದ್ರೆ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿ. ಮುಟ್ಬೇಡಿ. ನೀವಂತೂ ಮುಟ್ಲೇಬೇಡಿ. ಭಟ್ಕಳದ ಶಬಾನಾ ಬರೆದದ್ದು ನೆನಪುಂಟಾ?”

ಇತ್ತು. ಮಂಕಿಯಲ್ಲಿ ತವರು, ಭಟ್ಕಳದಲ್ಲಿ ಗಂಡನ ಮನೆ, ಅಕ್ಕೋರ ಹಳೆಯ ವಿದ್ಯಾರ್ಥಿನಿ. ಅಚ್ಚುಕಟ್ಟಾದ ಬರಹ.

“ಮನೇಲೇ ಕೂತು ದುಬೈ ಕಂಪನಿಯ ಕಂಪ್ಯೂಟರ್ ನೋಡ್ಕಳ್ತೆ, ಅದೆಲ್ಲ ಲಿನಕ್ಸೇ ಅಂತ ಬರೆದಿದ್ಲು.”

“ಹಾಗೆಂದು ಬರೆದದ್ದು ನಾನು ಓದಿಲ್ಲವಲ್ಲ!”

“ಓದಿದ್ರಿ. ಓದಿ, ಅಪ್ರಸ್ತುತ ಅಂತ ಹೊಡೆದು ಹಾಕಿದ್ರಿ. ಅದೇ ಪ್ಯಾರಾ.”

ನಾನು ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿದೆ. ಮದುವೆಯಾಗಿ ಮೂವತ್ತು ವರ್ಷದ ಮೇಲೆ ಹೇಳಿದಷ್ಟು ಮಾಡಬೇಕಾದ ಜಾಗ ಯಾವುದೆಂದು ತಿಳಿಯುತ್ತದೆ.

“ಅವಳ ನಂಬರ್ ನನ್ನ ಹತ್ರ ಉಂಟು, ಮಾತಾಡಿ ಮೆಸೇಜ್ ಮಾಡ್ತೆ. ನೀವು ಭಟ್ಕಳದ ಬಸ್ ಹತ್ತಿ. ಮತ್ತೆ, ದಾರಿಮೇಲೆ ಕೂತು ಇಡಗುಂಜಿ ಗಣಪತಿಗೆ ಒಂದು ಪಂಚಕಜ್ಜಾಯದ ಹರಕೆ ಹೇಳ್ಕಳಿ. ಅದಾದ್ರೂ ಮಾಡಿ.”

ಕುಮಟಾದಿಂದ ಭಟ್ಕಳಕ್ಕೆ ಹೋಗುವಾಗ ನಡುವೆ ನಮ್ಮ ಹೊನ್ನಾವರ ಬಂತು, ಶರಾವತಿ ಬಂತು, ಮಂಕಿಯೂ ಬಂತು. ನಾನು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಲ್ಯಾಪ್‌ಟಾಪಿನ ಚೀಲವನ್ನು ಹಸುಗೂಸಿನಂತೆ ಅವಚಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಮೀನಿನ ಬುಟ್ಟಿಯನ್ನು ನನಗಿಂತ ನೆಮ್ಮದಿಯಾಗಿ ಹಿಡಿದಿದ್ದಳು.

ಶಬಾನಾಳ ಮನೆ ಸಿಕ್ಕಿತು. ಬಾಗಿಲು ತೆರೆದ ಅವಳ ಅತ್ತೆ ನನ್ನನ್ನು ನೋಡಿ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಕೇಳಿದರು. ಒಳಗಿನಿಂದ ಬಂದ ಶಬಾನಾ ನಗು ತಡೆದುಕೊಂಡಳು.

“ಯಾರ ಮೈಗೆ ಹುಷಾರಿಲ್ಲ ಅಂತ ಕೇಳ್ತಾರೆ ಸರ್. ನಿಮ್ಮ ಮುಖ ನೋಡಿ.”

ಕೂರಿಸಿದರು. ಚಹಾ ಬಂತು, ಜೊತೆಗೆ ಕಾಯಿತುರಿ ಹಾಕಿದ ಸಿಹಿ ಬಂತು. ಶಬಾನಾ ಲ್ಯಾಪ್‌ಟಾಪು ತೆರೆದಳು.

“ಎಂತ ಬರೆದಿದ್ರಿ ಸರ್ ಇದರಲ್ಲಿ?”

“ನಾನು ಬರೆಯಲಿಲ್ಲ, ತಿದ್ದಿದೆ.”

“ಎಂತ ತಿದ್ದಿದ್ರಿ?”

ಹೇಳಿದೆ. ಒಂದೇ ಸಾಲಿನಲ್ಲಿ ಎರಡು ಸಲ ಬಂದಿತ್ತು, ಪುನರುಕ್ತಿ, ಆದ್ದರಿಂದ ಹೊಡೆದೆ ಎಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಅವಳು ಅವರಿಗೆ ಅವರ ಭಾಷೆಯಲ್ಲಿ ವಿವರಿಸಿದಳು. ಅವರು ನನ್ನತ್ತ ಕನಿಕರದಿಂದ ನೋಡಿ ಬಟ್ಟಲಿಗೆ ಇನ್ನೊಂದು ಸಿಹಿ ಹಾಕಿದರು.

“ತಪ್ಪು ತಿಳ್ಕೋಬೇಡಿ ಸರ್” ಎಂದು ಕಣ್ಣೊರೆಸಿಕೊಂಡು ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದಳು. ಬರೀ ಕಪ್ಪು ಪರದೆ ಬಂತು. ನನ್ನಿಂದ ಪಾಸ್‌ವರ್ಡ್ ಹಾಕಿಸಿದಳು. ಇಲ್ಲಿ ಒಳಗೆ ಬಿಟ್ಟಿತು! ls ಎಂದು ಬರೆದಳು. ಅದೇ ನಾಲ್ಕಾರು ಸಾಲು ಉದುರಿತು.

“ನೋಡಿ, ಇಲ್ಲೇ ಹೇಳಿದೆಯಲ್ಲ. ‘ls ಇಂಥ ಜಾಗದಲ್ಲಿ ಉಂಟು, ಆ ಜಾಗ ನಿಮ್ಮ PATHನಲ್ಲಿ ಇಲ್ಲ, ಅದಕ್ಕೇ ಸಿಗಲಿಲ್ಲ’ ಅಂತ. ಇದನ್ನ ಓದಲಿಲ್ವ?”

“ಕೊನೆಯ ಸಾಲು ಓದಿದೆ.”

“ಮೇಲಿಂದು?”

ಮೇಲಿನದನ್ನು ಓದಿರಲಿಲ್ಲ. ತಲೆಬರಹ ನೋಡಿ ಸುದ್ದಿ ಬಿಡುವ ಓದುಗರನ್ನು ಮೂವತ್ತು ವರ್ಷ ಬೈದವನು ನಾನು. ಅವರೆಲ್ಲರ ಕ್ಷಮೆಯನ್ನು ಈ ಮೂಲಕ ಕೋರುತ್ತೇನೆ.

ಅವಳು ls ಎಂಬುದರ ಹಿಂದೆ ಅದರ ಪೂರ್ತಿ ವಿಳಾಸ ಸೇರಿಸಿ /bin/ls ಎಂದು ಬರೆದು ಎಂಟರ್ ಒತ್ತಿದಳು. ಕಡತಗಳ ಸಾಲು ಬಂತು. ಪುಸ್ತಕದ ಫೋಲ್ಡರಿಗೆ ಹೋಗಿ ಇನ್ನೊಮ್ಮೆ ಒತ್ತಿದಳು. ನಲವತ್ತೆರಡು ಹೆಸರು. ನಡುವೆ manjunath ಎಂದು ಇತ್ತು. ಚಹಾದ ಲೋಟ ಕೆಳಗಿಟ್ಟೆ. ನಲವತ್ತೆರಡನ್ನೂ ಎರಡು ಸಲ ಎಣಿಸಿದೆ ಎಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ.

“ಹಾಗಾದರೆ ಇವು ಎಲ್ಲಿಗೂ ಹೋಗಿರಲಿಲ್ಲವೇ?”

“ಎಲ್ಲಿಗೆ ಹೋಗ್ತವೆ ಸರ್? ಈಗ ನೋಡಿ, ಭಟ್ಕಳದಲ್ಲಿ ಮೀನು ಬೇಕು. ಬಂದರಿಗೆ ಹೋಗಿ ನೋಡು, ಅಲ್ಲಿಲ್ದಿದ್ರೆ ಮಾರ್ಕೆಟ್ ನೋಡು, ಅಲ್ಲೂ ಇಲ್ದಿದ್ರೆ ರಸ್ತೆ ಬದಿಯವ್ರ ಹತ್ರ ನೋಡು ಅಂತ ಕಂಪ್ಯೂಟರಿಗೆ ಒಂದು ಚೀಟಿ ಬರ್ಕೊಟ್ಟಿರ್ತದೆ. ಆ ಚೀಟಿ ಹೆಸರೇ PATH. ನಿಮ್ಮ ಸಾಲಿನಲ್ಲಿ ಮೊದಲು ಬಂದದ್ದು ಚೀಟಿಯ ಹೆಸರು. ಎರಡನೇದು, ಹಳೇ ಚೀಟಿಯಲ್ಲಿ ಬರೆದದ್ದೆಲ್ಲ ಇರ್ಲಿ, ಅದಕ್ಕೆ ಈ ಹೊಸ ಅಂಗಡಿ ಸೇರಿಸು ಅಂತ. ನೀವು ಹಳೇ ಚೀಟಿ ಹರಿದು ಬಿಸಾಕಿ, ನಿಮ್ಮ ಅಂಗಡಿ ಒಂದೇ ಬರ್ಕೊಟ್ರಿ.”

“ನನ್ನ ಅಂಗಡಿಯಲ್ಲಿ ಇದ್ದದ್ದು?”

“badalisu ಒಂದೇ. ಬಂಗಡೆ ಇಲ್ಲ, ತಾರ್ಲೆ ಇಲ್ಲ. ಬಂದರು ತುಂಬ ಮೀನು ಬಿದ್ದಿದ್ರೂ ಅದು ಬರಿಗೈಲಿ ಬಂದು ‘ಸಿಗ್ಲಿಲ್ಲ’ ಅಂತದೆ. ಅದರದ್ದೇನು ತಪ್ಪು?”

ಅದರದ್ದು ಏನೂ ತಪ್ಪಿರಲಿಲ್ಲ. ತಪ್ಪಿನ ಪೂರ್ತಿ ವಿಳಾಸ ಅವಳ ಎದುರಿಗೇ ಕೂತು ಸಿಹಿ ತಿನ್ನುತ್ತಿತ್ತು.

ಕಡತವನ್ನು ಪೂರ್ತಿ ವಿಳಾಸ ಹಿಡಿದೇ ತೆರೆದಳು. ನಾನು ಹೊಡೆದ ಪದವನ್ನು ಹೊಡೆದ ಜಾಗದಲ್ಲೇ ಕೂರಿಸಿದಳು. ಲ್ಯಾಪ್‌ಟಾಪು ಬಂದ್ ಮಾಡಿ ಶುರು ಮಾಡಿದಳು. ಒಂದೇ ಸಲಕ್ಕೆ ಒಳಗೆ ಬಿಟ್ಟಿತು. ನನ್ನ ತೆಂಗಿನ ಮರದ ಚಿತ್ರ ಪರದೆಯ ಮೇಲೆ, ಏನೂ ಆಗದವರ ಹಾಗೆ, ನಿಂತಿತ್ತು. badalisu ಎಂದಳು. ಕಣ್ಣು ಮಿಟುಕಿಸುವಷ್ಟರಲ್ಲಿ ನಲವತ್ತೆರಡೂ ಬದಲಾದವು! ನಾನು ಕೇಳುವ ಮೊದಲೇ ಎಲ್ಲದರ ನಕಲನ್ನು ಒಂದು ಪೆನ್‌ಡ್ರೈವಿಗೆ ಹಾಕಿ ನನ್ನ ಅಂಗಿಯ ಕಿಸೆಯತ್ತ ಬೆರಳು ತೋರಿಸಿದಳು. ಇಟ್ಟುಕೊಂಡೆ.

“ಸರ್, ನಂದು ಒಮ್ಮೆ ನೋಡ್ಲಾ?” ಎಂದಳು.

ಬೇಡ ಎನ್ನಲು ಯಾವ ಬಾಯಿ? ತೆರೆದಳು. ಓದಿದಳು. ಮುಖದ ನಗು ಸ್ವಲ್ಪ ಸಣ್ಣದಾಯಿತು.

“ಇಲ್ಲೊಂದು ಪ್ಯಾರಾ ಇತ್ತು.”

“ಸ್ಥಳಾಭಾವ...” ಎಂದು ಶುರು ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದೆ. ಅವಳ ಚಹಾ ಕುಡಿದು, ಅವಳ ಅತ್ತೆಯ ಸಿಹಿ ತಿಂದು, ಅವಳ ಮುಂದೆ ಸ್ಥಳಾಭಾವ ಎನ್ನುವಷ್ಟು ಗಟ್ಟಿಗ ನಾನಲ್ಲ. “ನಾನೇ ಹೊಡೆದದ್ದು. ಅಪ್ರಸ್ತುತ ಎನ್ನಿಸಿತು.”

“ಅದೊಂದಕ್ಕೇ ಬರೆದದ್ದು ಸರ್ ನಾನು. ಲೆಕ್ಕ ಬರೂದಿಲ್ಲ ಅಂತ ಅಳ್ತಿದ್ದೆ. ಶಾಲೆ ಬಿಟ್ಮೇಲೆ ಅಕ್ಕೋರು ಕೂರಿಸ್ಕೊಂಡು ಕಲಿಸ್ತಿದ್ರು. ಮನೆಯಿಂದ ಯಾರಾದ್ರೂ ಕರೀಲಿಕ್ಕೆ ಬಂದ್ರೆ ‘ಇನ್ನೊಂದು ಲೆಕ್ಕ, ಇನ್ನೊಂದು ಲೆಕ್ಕ’ ಅಂತ ಅವ್ರನ್ನೂ ಕೂರಿಸ್ತಿದ್ರು. ಈಗ ನಾನು ಮಾಡೂ ಕೆಲಸ ಎಂತದ್ದು ಅಂತ ಅವ್ರಿಗೆ ಗೊತ್ತಾಗ್ಬೇಕಿತ್ತು.”

ಲ್ಯಾಪ್‌ಟಾಪನ್ನು ಅವಳತ್ತ ಪೂರ್ತಿ ತಿರುಗಿಸಿದೆ. ಅವಳೇ ಆ ಪ್ಯಾರಾ ಮತ್ತೆ ಟೈಪು ಮಾಡಿದಳು. ಅದರಲ್ಲಿ ‘ಅಕ್ಕೋರು’ ಎಂಬ ಪದ ಒಂದೇ ಸಾಲಿನಲ್ಲಿ ಮೂರು ಸಲ ಬಂತು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅಲ್ಲಿಂದಲೇ ಎಲ್ಲವನ್ನೂ ನಾಯ್ಕರಿಗೆ ಕಳಿಸಿದಳು. ಐದು ನಿಮಿಷದಲ್ಲಿ ಅವರ ಫೋನು: “ಬಂತು ಸರ್, ಎಲ್ಲ ಸರಿ ಉಂಟು. ಪರಿಶೀಲನೆ ಗಟ್ಟಿ ಮಾಡಿದ್ರಿ!” ನಾನು ಉಪಕಾರವಾಯಿತು ಎಂದು ಕೈಮುಗಿದರೆ ಶಬಾನಾ ಗಾಬರಿಯಾದಳು. “ಎಂತ ಸರ್ ನೀವು! ಅಕ್ಕೋರ ಪುಸ್ತಕ ಅಲ್ವ?” ಎಂದಳು. ಅವಳ ಅತ್ತೆ ಉಳಿದ ಸಿಹಿಯನ್ನು ಸುಮಿತ್ರಾಗೆಂದು ಕಟ್ಟಿಕೊಟ್ಟರು. ಮೂವತ್ತು ವರ್ಷದಲ್ಲಿ ಎಷ್ಟೋ ಸುದ್ದಿಗೋಷ್ಠಿಗಳಿಂದ ನಾನು ಏನೇನೋ ಉಡುಗೊರೆ ಹೊತ್ತು ಬಂದಿದ್ದೇನೆ. ಇಷ್ಟು ಅನರ್ಹನಾಗಿ, ಇಷ್ಟು ಸಂತೋಷದಿಂದ ಯಾವುದನ್ನೂ ತಂದದ್ದಿಲ್ಲ.

ಭಾನುವಾರ ಶಾಲೆಯ ಅಂಗಳ ತುಂಬಿತ್ತು. ಶಬಾನಾ ಅತ್ತೆಯನ್ನು ಕರೆದುಕೊಂಡು ಬಂದು ಸುಮಿತ್ರಾಳ ಪಕ್ಕ ಕೂತಿದ್ದಳು. ಮೂವರೂ ಆಗಾಗ ನನ್ನತ್ತ ನೋಡಿ ನಗುತ್ತಿದ್ದರು. ಮಂಜುನಾಥನ ಬೋಟು ಇನ್ನೂ ದಡಕ್ಕೆ ಬಂದಿರಲಿಲ್ಲ. ಪುಸ್ತಕ ಬಿಡುಗಡೆಯಾಯಿತು. ಅಕ್ಕೋರ ಕೈಗೆ ಮೊದಲ ಪ್ರತಿ ಕೊಟ್ಟೆವು. ಅವರು ಕನ್ನಡಕ ಸರಿಮಾಡಿಕೊಂಡು ವೇದಿಕೆಯ ಮೇಲೇ ಓದಲು ಶುರು ಮಾಡಿದರು. ಮುಖ್ಯ ಅತಿಥಿಗಳ ಭಾಷಣ ನಡೆಯಿತು, ಅಕ್ಕೋರು ಓದುತ್ತಿದ್ದರು. ಶಾಲು ಹೊದಿಸಿದರು, ಒಂದು ಕೈಯಲ್ಲಿ ಶಾಲು ಸರಿಮಾಡಿಕೊಂಡು ಓದುತ್ತಿದ್ದರು.

ಕೊನೆಗೆ ನನ್ನ ವಂದನಾರ್ಪಣೆ. ನಾಲ್ಕು ಪುಟ ಬರೆದು ತಂದಿದ್ದೆ. ಶಬಾನಾಳ ಹೆಸರು, ಸುಮಿತ್ರಾಳ ಹೆಸರು, ನಾಯ್ಕರ ಹೆಸರು, ನನ್ನ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡದೆ ಹಿಂದಕ್ಕೆ ಕೊಟ್ಟ ಕುಮಟಾದ ಅಂಗಡಿಯವರ ಹೆಸರು, ಎಲ್ಲ ಇದ್ದವು. ಎಲ್ಲಕ್ಕಿಂತ ಮೇಲೆ, ಐವತ್ತು ವರ್ಷದಿಂದ ಅಕ್ಕೋರಿಗೆ ಹೇಳಬೇಕೆಂದುಕೊಂಡು ಹೇಳದೆ ಉಳಿದ ಒಂದು ಪುಟ ಇತ್ತು. ಧ್ವನಿವರ್ಧಕದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ಅಕ್ಕೋರತ್ತ ತಿರುಗಿದೆ. ಮಂಜುನಾಥನ ಪುಟ ತೆರೆದಿತ್ತು. ಅವರ ಬೆರಳು ಸಾಲಿನಿಂದ ಸಾಲಿಗೆ ನಿಧಾನವಾಗಿ ಇಳಿಯುತ್ತಿತ್ತು. ತುಟಿ ಅಲ್ಲಾಡುತ್ತಿತ್ತು.

“ಪೂಜ್ಯರಾದ ಅಕ್ಕೋರೇ, ನಮ್ಮೆಲ್ಲರ ಬಾಳಿಗೆ...” ಎಂದೆ.

ಅವರು ತಲೆಯೆತ್ತಲಿಲ್ಲ.

“ಏ, ಸುಮ್ನೆ ಕೂತ್ಕ. ಓದ್ತಾ ಇದ್ದೆ, ಕಾಣೂದಿಲ್ವ?”

ಧ್ವನಿವರ್ಧಕ ಅದನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು. ಕುರ್ಚಿಗೆ ಒರಗಿದ್ದವರೆಲ್ಲ ಎದ್ದು ಕೂತರು. ಮುಖ್ಯ ಅತಿಥಿಗಳೂ ಬೆನ್ನು ನೆಟ್ಟಗೆ ಮಾಡಿಕೊಂಡರು.

ನಾಲ್ಕು ಪುಟ ಮಡಚಿದೆ. ಅರವತ್ತು ವರ್ಷದ ವಯಸ್ಸು, ಮೂವತ್ತು ವರ್ಷದ ಅನುಭವ, ಎಲ್ಲವನ್ನೂ ಹೊತ್ತು ಹೋಗಿ ನನ್ನ ಜಾಗದಲ್ಲಿ ಕೂತೆ. ಕೈ ಕಟ್ಟಿಕೊಂಡು.